‘ಗಾಡಿ ಸೌಂಡ್ ಬರ್ತಿದೆ, ಸಾರ್’



ಯಾವುದೇ ಸರ್ವಿಸ್ ಸೆಂಟರಿನ ಕೌಂಟರ್ ಎದುರು ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಗಾಡಿ ಸೌಂಡ್ ಬರ್ತಿದೆ, ಸಾರ್.’ ಆ ಕಡೆಯ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಹೊಸ ಗಾಡಿ ಅಲ್ವಾ, ಸೆಟ್ ಆಗುತ್ತೆ ಬಿಡಿ.’ ಇಲ್ಲವೇ, ‘ಅದು ನಾರ್ಮಲ್.’ ಸಾಲ ಮಾಡಿ ಪಿಕಪ್ ತಂದು, ಮೂರನೇ ಕಂತು ಕಟ್ಟುವುದರೊಳಗೆ ಅಡಿಯಿಂದ ‘ಟಕ್’ ಅಂದರೆ, ಆ ‘ನಾರ್ಮಲ್’ ಎಂಬ ಮಾತು ಕೇಳಿಕೊಂಡು ಮನೆಗೆ ಹೋದವನಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ.

ಹಾಗಂತ ಆ ಉತ್ತರ ಪೂರ್ತಿ ಸುಳ್ಳೂ ಅಲ್ಲ. ಹೊಸ ಗಾಡಿ ಸ್ಟಾರ್ಟ್ ಆಗಿ ಹೊರಡುವಾಗ ಕೇಳುವ ಸದ್ದುಗಳಲ್ಲಿ ಬಹಳಷ್ಟು ನಿಜಕ್ಕೂ ನಿರುಪದ್ರವಿ. ಆದರೆ ನಿರುಪದ್ರವಿ ಸದ್ದಿಗೂ ಕಾರಣ ಒಂದು ಇದ್ದೇ ಇರುತ್ತದೆ. ಕಾರಣ ಹೇಳದೆ ನಾರ್ಮಲ್ ಅಂದರೆ ಸಾಗಹಾಕಿದಂತೆ ಎಂದು ನನ್ನ ಅಭಿಪ್ರಾಯ. ಇನ್ನೊಂದು ಕಡೆ ಗಿರಾಕಿಯ ದೂರಿನಲ್ಲೂ ಒಂದು ಕೊರತೆ ಇದೆ. ‘ಸೌಂಡ್ ಬರ್ತಿದೆ’ ಅನ್ನುತ್ತಾರೆ, ಯಾವಾಗ ಅನ್ನುವುದಿಲ್ಲ. ಕೀ ತಿರುಗಿಸಿದ ಕ್ಷಣದಿಂದ ಗಾಡಿ 20 ಕಿಲೋಮೀಟರ್ ವೇಗ ಮುಟ್ಟುವವರೆಗೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಅಷ್ಟರಲ್ಲಿ ಬ್ಯಾಟರಿಯಿಂದ ಹಿಡಿದು ಹಿಂದಿನ ಹೌಸಿಂಗ್‌ವರೆಗೆ ಒಂದೊಂದು ಭಾಗವೂ ತನ್ನ ಸರದಿ ಬಂದಾಗ ಕೆಲಸಕ್ಕಿಳಿಯುತ್ತದೆ. ಸದ್ದು ಯಾರ ಸರದಿಯಲ್ಲಿ ಬಂತು ಎಂದು ಗೊತ್ತಾದರೆ ಹುಡುಕಾಟ ಅರ್ಧ ಮುಗಿದ ಹಾಗೆ. ಸದ್ದಿನ ವಿಷಯ ಮಾತಾಡುವುದಕ್ಕೆ ರೇಡಿಯೊಗಿಂತ ಒಳ್ಳೆಯ ಜಾಗ ಎಲ್ಲಿದೆ? ಹಾಗಾಗಿ ಬಾಯಲ್ಲೇ ಸದ್ದು ಮಾಡಿ ತೋರಿಸಿದರೆ ನಗಬೇಡಿ.

ಕೀ ಆನ್ ಮಾಡಿದೊಡನೆ, ಎಂಜಿನ್ ಇನ್ನೂ ತಿರುಗುವ ಮೊದಲೇ, ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡು ‘ಸುಂಯ್’ ಅಂದು ನಿಂತರೆ ಅದು ಟ್ಯಾಂಕಿನೊಳಗಿನ ಕರೆಂಟ್ ಪಂಪು. ಲೈನಿಗೆ ಇಂಧನ ತುಂಬಿಸುತ್ತಿದೆ. ಬಾನೆಟ್ ಒಳಗೆ ‘ಟಿಕ್’ ಅಂದರೆ ಯಾವುದೋ ರಿಲೇ. ಡೀಸೆಲ್ ಗಾಡಿಯಾದರೆ ಅದು ಗ್ಲೋ ಪ್ಲಗ್ಗಿನದೂ ಇರಬಹುದು. ಇವಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಸೆಲ್ಫ್ ಹೊಡೆದಾಗ ಎಂಜಿನ್ ತಿರುಗದೆ ‘ಕಟಕಟಕಟ’ ಎಂದು ಬಡಿದುಕೊಂಡರೆ ಕರೆಂಟು ಸಾಲುತ್ತಿಲ್ಲ. ಸೊಲೆನಾಯ್ಡ್ ಎಳೆದುಕೊಳ್ಳುತ್ತದೆ, ಮೋಟಾರು ಕರೆಂಟು ಹೀರುತ್ತದೆ, ವೋಲ್ಟೇಜು ಕುಸಿಯುತ್ತದೆ, ಸೊಲೆನಾಯ್ಡ್ ಕೈಬಿಡುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಸೆಕೆಂಡಿಗೆ ಹಲವು ಸಲ ಇದೇ ಆಟ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಹೊಸ ಗಾಡಿಗೂ ಹೀಗಾಗುತ್ತದೆಯೇ ಎಂದರೆ, ಧಾರಾಳವಾಗಿ ಆಗುತ್ತದೆ. ಶೋರೂಮಿನಿಂದ ತಂದ ವಾರದೊಳಗೆ ಹಾಡಿನ ಸೆಟ್ಟು, ಬಣ್ಣದ ಲೈಟು, ಜಿಪಿಎಸ್ ಎಲ್ಲ ಹಾಕಿಸಿರುತ್ತೇವೆ. ಹಾಕಿದ ಹುಡುಗ ಬ್ಯಾಟರಿಯ ಟರ್ಮಿನಲ್ ಸರಿಯಾಗಿ ಬಿಗಿಯದೆ ಹೋಗಿರುತ್ತಾನೆ. ಕಂಪನಿಯನ್ನು ಬಯ್ಯುವ ಮೊದಲು ಆ ನಟ್ಟನ್ನು ಒಮ್ಮೆ ಅಲ್ಲಾಡಿಸಿ ನೋಡಿ.

ಎಂಜಿನ್ ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡಿನ ಸದ್ದಿಗೆ ಮಾತ್ರ ಹೆಚ್ಚು ಕಿವಿ ಕೊಡಬೇಕು. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಆಯಿಲ್ಲೆಲ್ಲ ಕೆಳಗಿನ ಸಂಪಿಗೆ ಇಳಿದಿರುತ್ತದೆ. ಪಂಪು ಅದನ್ನು ಮತ್ತೆ ಮೇಲಕ್ಕೆ ಮುಟ್ಟಿಸುವವರೆಗೆ ವಾಲ್ವಿನ ಕಡೆಯಿಂದ ‘ಟಿಕ್ ಟಿಕ್’, ಟೈಮಿಂಗ್ ಚೈನಿನ ಕಡೆಯಿಂದ ‘ಗಲಗಲ’ ಕೇಳಬಹುದು. ಕಣ್ಣು ಮಿಟುಕಿಸುವುದರಲ್ಲಿ ನಿಂತರೆ ಸರಿ. ದಿನಾ ಬೆಳಿಗ್ಗೆ ಬಂದು, ದಿನದಿಂದ ದಿನಕ್ಕೆ ಉದ್ದವಾಗುತ್ತಿದ್ದರೆ ಸರಿಯಲ್ಲ. ಅಗ್ಗದ ಆಯಿಲ್ ಫಿಲ್ಟರ್ ಹಾಕಿಸಿದ ಮೇಲೆ ಶುರುವಾಗಿದ್ದರೆ ಮೊದಲು ಫಿಲ್ಟರನ್ನೇ ಅನುಮಾನಿಸಿ. ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರಿನ ವಾಲ್ವು ಒಳ್ಳೆಯ ಫಿಲ್ಟರಿನಲ್ಲಿ ಇರುತ್ತದೆ, ಕೆಟ್ಟದ್ದರಲ್ಲಿ ಹೆಸರಿಗೆ ಮಾತ್ರ.

ಇಂಥ ಸದ್ದಿನ ದೊಡ್ಡ ಕಥೆಯೊಂದು ಅಮೆರಿಕದಲ್ಲಿ ನಡೆಯಿತು. ಅಲ್ಲಿ ಪಿಕಪ್ ಎಂದರೆ ಸಾಮಾನು ಸಾಗಿಸುವ ಗಾಡಿಯೂ ಹೌದು, ಮನೆಮಂದಿ ಓಡಾಡುವ ಕಾರೂ ಹೌದು. ಫೋರ್ಡ್ ಕಂಪನಿಯ ಎಫ್-150 ಅಲ್ಲಿನ ಮನೆಮಾತು. 2017ರಿಂದ 2020ರವರೆಗಿನ ಮಾದರಿಗಳಲ್ಲಿ 3.5 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ಇದ್ದವು ಹಲವು ತಾಸು ನಿಂತು ತಣ್ಣಗಾಗಿ ಮತ್ತೆ ಸ್ಟಾರ್ಟ್ ಆದಾಗ, ಮೊದಲ ಕೆಲವು ಸೆಕೆಂಡು ಬಾನೆಟ್ ಅಡಿಯಿಂದ ‘ಗರಗರ’ ಎನ್ನುತ್ತಿದ್ದವು. ಆಮೇಲೆ ಏನೂ ಆಗದ ಹಾಗೆ ಸುಮ್ಮನಾಗುತ್ತಿದ್ದವು. ಕೊನೆಗೆ ಕಾರಣ ಸಿಕ್ಕಿದ್ದು ಕ್ಯಾಮ್ ಫೇಸರ್ ಎಂಬ ಭಾಗದಲ್ಲಿ. ವಾಲ್ವು ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ಆ ಭಾಗ ಆಯಿಲ್ಲಿನ ಒತ್ತಡದಿಂದ ನಡೆಯುತ್ತದೆ. ಒತ್ತಡ ಏರುವ ಮುನ್ನ ಅದು ಒಳಗೇ ಸಡಿಲವಾಗಿ ಬಡಿದುಕೊಳ್ಳುತ್ತಿತ್ತು. ಕಂಪನಿ ಆಮೇಲೆ ವಿಶೇಷ ಕಾರ್ಯಕ್ರಮವನ್ನೇ ಮಾಡಿ ಪರಿಹಾರ ಕೊಡಬೇಕಾಯಿತು. ಸ್ಟಾರ್ಟ್ ಆಗಿ ಬೆಚ್ಚಗಾದ ಗಾಡಿಯನ್ನು ವರ್ಕ್‌ಶಾಪಿಗೆ ಒಯ್ದರೆ ಈ ಸದ್ದು ಕೇಳುವುದೇ ಇಲ್ಲ, ಗಮನಿಸಿ. ಅದಕ್ಕೇ ಹೇಳುವುದು: ತಣ್ಣಗಿದ್ದಾಗ ಬರುವ ಸದ್ದಿಗೆ ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಬಂದು, ಬೆಳಿಗ್ಗೆ ಅವರ ಕೈಯಲ್ಲೇ ಸೆಲ್ಫ್ ಹೊಡೆಸಬೇಕು.

ಇನ್ನು ಎಂಜಿನ್ ಐಡಲಿನಲ್ಲಿ ನಿಂತಿದೆ, ಗೇರು ನ್ಯೂಟ್ರಲ್. ಗೇರ್ ಬಾಕ್ಸಿನ ಕಡೆಯಿಂದ ‘ಗರಗರ’ ಕೇಳುತ್ತಿದೆ ಅನ್ನಿ. ಕ್ಲಚ್ಚನ್ನು ಪೂರ್ತಿ ಒತ್ತಿ. ಸದ್ದು ಮಾಯವಾದರೆ ಅದು ಗೇರ್ ಬಾಕ್ಸ್ ಒಳಗಿನದು. ಇಲ್ಲದ ಸದ್ದು ಕ್ಲಚ್ ಒತ್ತಿದಾಗ ಹುಟ್ಟಿಕೊಂಡರೆ ರಿಲೀಸ್ ಬೇರಿಂಗಿನದು. ಎರಡಕ್ಕೂ ಜಗ್ಗದಿದ್ದರೆ ಎಂಜಿನ್ನಿನಲ್ಲೋ ಬೆಲ್ಟಿನಲ್ಲೋ ಹುಡುಕಬೇಕು. ಖರ್ಚಿಲ್ಲದ ಈ ಪರೀಕ್ಷೆ ಪ್ರತಿ ಡ್ರೈವರಿಗೂ ಗೊತ್ತಿರಬೇಕು.

ಹೊಸ ಡೀಸೆಲ್ ಪಿಕಪ್ಪಿನ ಈ ‘ಗರಗರ’ಕ್ಕೆ ಒಂದು ಸಭ್ಯ ಕಾರಣವೂ ಇದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 27 ಸಲ ಸಿಡಿಯುತ್ತದೆ. ಪ್ರತಿ ಸಿಡಿತಕ್ಕೂ ಶಾಫ್ಟು ಒಂದಿಷ್ಟು ಜರ್ಕ್ ಹೊಡೆಯುತ್ತದೆ. ನ್ಯೂಟ್ರಲಿನಲ್ಲಿ ಭಾರ ಹೊರದೆ ಸುಮ್ಮನೆ ತಿರುಗುವ ಗೇರುಗಳ ಹಲ್ಲುಗಳು ಆ ಜರ್ಕಿಗೆ ಹಿಂದಕ್ಕೂ ಮುಂದಕ್ಕೂ ಬಡಿಯುತ್ತವೆ. ಇದನ್ನು ತಗ್ಗಿಸಲೆಂದೇ ಕ್ಲಚ್ ಪ್ಲೇಟಿನಲ್ಲಿ ಸ್ಪ್ರಿಂಗುಗಳಿವೆ; ಕೆಲವು ಗಾಡಿಗಳಲ್ಲಿ ಫ್ಲೈವೀಲನ್ನೇ ಎರಡು ಭಾಗ ಮಾಡಿ ನಡುವೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಮೈಲೇಜಿಗಾಗಿ ಗೇರ್ ಆಯಿಲ್ ತೆಳುವಾದಷ್ಟೂ ಈ ಸದ್ದು ಹೊರಗೆ ಕೇಳುತ್ತದೆ. ಜೊತೆಗೆ ಎಂಜಿನ್ನೇ ಮೊದಲಿಗಿಂತ ಮೆತ್ತಗಾಗಿದೆ. ಹಳೆಯ ಡೀಸೆಲ್ಲಿನ ಅಬ್ಬರದಲ್ಲಿ ಮುಚ್ಚಿಹೋಗುತ್ತಿದ್ದ ಸಣ್ಣಪುಟ್ಟ ಸದ್ದುಗಳೆಲ್ಲ ಈಗ ಮುಂದೆ ಬಂದು ನಿಂತಿವೆ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳಿಗೆ ಇನ್ನೊಂದು ಸದ್ದು ಸೇರಿಕೊಂಡಿತು. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರು ತುಂಬಿದಾಗ ಗಾಡಿ ತಾನಾಗಿ ಅದನ್ನು ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಆಗ ಐಡಲ್ ಏರುತ್ತದೆ, ಸೈಲೆನ್ಸರಿನ ಸದ್ದು ದಪ್ಪಗಾಗುತ್ತದೆ, ಆಫ್ ಮಾಡಿದ ಮೇಲೂ ಫ್ಯಾನು ಓಡುತ್ತಿರಬಹುದು, ಬಿಸಿ ಕಬ್ಬಿಣದ ವಾಸನೆಯೂ ಬರಬಹುದು. ಗಾಬರಿಯಾಗಿ ನಡುವೆ ಆಫ್ ಮಾಡುವುದೇ ತಪ್ಪು. ಅದರ ಪಾಡಿಗೆ ಬಿಟ್ಟು ಓಡಿಸಿ. ಆ ಹೊತ್ತಿನಲ್ಲಿ ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಒಂದನೇ ಗೇರು ಹಾಕಿ ಕ್ಲಚ್ ಬಿಡುತ್ತಿದ್ದಂತೆ ಅಡಿಯಿಂದ ಬರುವ ಆ ‘ಟಂಗ್’.

ಎತ್ತುಗಳು ಗಾಡಿ ಎಳೆಯಲು ಹೆಗಲು ಕೊಟ್ಟಾಗ ಮೊದಲು ನೊಗದ ಹಗ್ಗ ಬಿಗಿಯುತ್ತದೆ, ಆಮೇಲೆ ಮೂಕಿ ಜಗ್ಗುತ್ತದೆ, ಕೊನೆಗೆ ಚಕ್ರ ಉರುಳುತ್ತದೆ. ಪಿಕಪ್ಪಿನಲ್ಲೂ ಎಂಜಿನ್ನಿಂದ ಹಿಂದಿನ ಚಕ್ರದವರೆಗೆ ಒಂದೊಂದು ಜೋಡಣೆಯಲ್ಲಿ ಒಂದಿಷ್ಟು ಸಡಿಲ ಇದ್ದೇ ಇರುತ್ತದೆ: ಗೇರ್ ಬಾಕ್ಸಿನ ಹಲ್ಲುಗಳ ನಡುವೆ, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಹೊಂದಿಸುವ ಸ್ಪ್ಲೈನಿನಲ್ಲಿ, ಅದರ ಕೀಲಾದ ಕ್ರಾಸಿನಲ್ಲಿ, ಹೌಸಿಂಗ್ ಒಳಗೆ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವೆ. ಕ್ರೌನ್ ಪಿನಿಯನ್ನಿನಲ್ಲಿ ಈ ಸಡಿಲ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ. ಅಷ್ಟೂ ಇಲ್ಲದೆ ಬಿಗಿ ಮಾಡಿದರೆ ಬಿಸಿಯಾಗಿ ಹಲ್ಲು ಸವೆದು ಹೋಗುತ್ತದೆ. ಆದರೆ ಇವೆಲ್ಲ ಒಟ್ಟು ಸೇರಿ ಒಂದೇ ಏಟಿಗೆ ಬಿಗಿದುಕೊಂಡಾಗ ಸದ್ದಾಗುತ್ತದೆ. ಎಂಜಿನ್ನಿನ ಟಾರ್ಕ್ 200 ನ್ಯೂಟನ್ ಮೀಟರ್, ಒಂದನೇ ಗೇರು ಅದನ್ನು ನಾಲ್ಕು ಪಟ್ಟು ಮಾಡುತ್ತದೆ ಎಂದಿಟ್ಟುಕೊಳ್ಳಿ. ಪ್ರೊಪೆಲ್ಲರ್ ಶಾಫ್ಟಿಗೆ ಬೀಳುವ ಏಟು 800. ಕ್ಲಚ್ಚನ್ನು ರಪ್ಪನೆ ಬಿಟ್ಟರೆ ಟಂಗ್ ಅನ್ನದೆ ಇನ್ನೇನು ಮಾಡೀತು? ಮೆಲ್ಲಗೆ ಬಿಟ್ಟಾಗ ಸದ್ದಿಲ್ಲ ಅಂದರೆ ದೋಷ ಪಾದದ್ದು. ಎಷ್ಟು ಮೆಲ್ಲಗೆ ಬಿಟ್ಟರೂ ಬರುತ್ತದೆ ಅಂದರೆ ಅಡಿಗೆ ಇಳಿಯಬೇಕು.

ಅಡಿಗೆ ಇಳಿದವರಿಗೆ ಮೂರು ಕಡೆ ಕೆಲಸ. ಮೊದಲನೆಯದು ಸ್ಪ್ಲೈನು. ಹೊರಡುವಾಗ ಹಿಂದಿನ ಕಮಾನು ಪಟ್ಟಿಗಳು ತಿರುಚಿಕೊಂಡು ಆಕ್ಸಲು ಕೊಂಚ ಜರುಗುತ್ತದೆ, ಶಾಫ್ಟಿನ ಉದ್ದವೂ ಅದರ ಜೊತೆ ಹೆಚ್ಚುಕಡಿಮೆಯಾಗಬೇಕು. ಗ್ರೀಸ್ ಒಣಗಿದ್ದರೆ ಸ್ಪ್ಲೈನು ಜಾರದೆ ಕಚ್ಚಿಕೊಂಡು, ಆಮೇಲೆ ಒಮ್ಮೆಲೇ ಬಿಡುತ್ತದೆ: ‘ಟಕ್’. ಪ್ರತಿ ಸಿಗ್ನಲ್ಲಿನಲ್ಲಿ ನಿಂತು ಹೊರಟಾಗಲೂ ಬರುವ ಟಕ್ ಬಹುಮಟ್ಟಿಗೆ ಇದೇ. ಗ್ರೀಸ್ ಗನ್ ಹಿಡಿದು ನಾಲ್ಕು ಪಂಪು ಹೊಡೆದರೆ ಮುಗಿಯುವ ಕೆಲಸಕ್ಕೆ ಜನ ಹೌಸಿಂಗ್ ಬಿಚ್ಚಿಸಿದ್ದನ್ನು ನೋಡಿದ್ದೇನೆ. ಎರಡನೆಯದು ಕ್ರಾಸು. ಅದರ ನಾಲ್ಕು ಟೋಪಿಗಳೊಳಗೆ ಸೂಜಿಯಂಥ ರೋಲರುಗಳಿರುತ್ತವೆ. ನೀರು ಹೊಕ್ಕು ಗ್ರೀಸು ತೊಳೆದುಹೋದರೆ ಮೊದಲು ನಿಧಾನ ವೇಗದಲ್ಲಿ ‘ಕಿಚ್ ಕಿಚ್’ ಅನ್ನುತ್ತದೆ. ಟೋಪಿಯ ಅಂಚಿನಲ್ಲಿ ಇಟ್ಟಿಗೆ ಬಣ್ಣದ ಪುಡಿ ಕಾಣಿಸಿಕೊಳ್ಳುತ್ತದೆ. ಆ ಪುಡಿ ಕಂಡರೆ ಕ್ರಾಸಿನ ಆಯುಷ್ಯ ಮುಗಿಯಿತು, ಗ್ರೀಸಿಗೂ ಜಗ್ಗುವುದಿಲ್ಲ. ಮೂರನೆಯದು ಉದ್ದನೆಯ ಗಾಡಿಗಳಲ್ಲಿ ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗು. ಅದರ ರಬ್ಬರು ಹರಿದರೆ ಹೊರಡುವಾಗ ಇಡೀ ಕ್ಯಾಬಿನ್ ‘ದಡದಡ’ ನಡುಗಿ, ವೇಗ ಏರಿದಂತೆ ಸುಮ್ಮನಾಗುತ್ತದೆ.

ಕೋಲಾರದ ಎಪಿಎಂಸಿ ಯಾರ್ಡಿನ ಆಚೆಗಿನ ಒಂದು ಗ್ಯಾರೇಜಿನಲ್ಲಿ ಇಂಥ ನಡುಕದ ಗಾಡಿಯೊಂದನ್ನು ಪಿಟ್ಟಿನ ಮೇಲೆ ನಿಲ್ಲಿಸಿದ್ದರು. ಟೊಮ್ಯಾಟೊ ಹೊಡೆಯುವ ಪಿಕಪ್ಪು, ಇನ್ನೂ ವರ್ಷ ತುಂಬಿರಲಿಲ್ಲ. ಕಂಪನಿಯವರು ಸೆಂಟರ್ ಬೇರಿಂಗ್ ಬದಲಾಯಿಸಿ ಕೊಟ್ಟಿದ್ದರೂ ನಡುಕ ಹೋಗಿರಲಿಲ್ಲ. ಮೇಸ್ತ್ರಿ ಟಾರ್ಚು ಹಿಡಿದು ಕೆಳಗಿಳಿದ. ಶಾಫ್ಟನ್ನು ಕ್ರಾಸಿನ ಎರಡೂ ಕಡೆ ಎರಡು ಕೈಯಲ್ಲಿ ಹಿಡಿದು ಎದುರು ಬದುರಾಗಿ ತಿರುಚಿ ನೋಡಿದ. ‘ಪ್ಲೇ ಇಲ್ಲ’ ಅಂದ. ಆಮೇಲೆ ಟಾರ್ಚನ್ನು ಪಕ್ಕಕ್ಕೆ ತಿರುಗಿಸಿ ಕಮಾನು ಪಟ್ಟಿಗಳ ಕಟ್ಟಿನ ಮೇಲೆ ಬೆರಳಾಡಿಸಿದ. ಮೇಲಿನ ಪಟ್ಟಿಗಳಿಗೆ ಕಂಪನಿಯ ಕಪ್ಪು ಬಣ್ಣ. ನಡುವೆ ಸೇರಿಸಿದ ಎರಡಕ್ಕೆ ಬಣ್ಣವೇ ಇಲ್ಲ, ಬರಿಯ ತುಕ್ಕಿನ ಹೊದಿಕೆ.

‘ಅಣ್ಣಾ, ಖಾಲಿ ಬರುವಾಗ ಜಾಸ್ತಿ ನಡುಗ್ತದೆ, ಲೋಡ್ ಇದ್ರೆ ನಡುಗಲ್ಲ. ಹೌದಾ?’

‘ಹೌದು ಮೇಸ್ತ್ರಿ! ನಿಮಗೆ ಹೆಂಗೆ ಗೊತ್ತಾಯ್ತು?’

‘ಪಟ್ಟಾ ಎಕ್ಸ್‌ಟ್ರಾ ಹಾಕ್ಸಿದೀರಲ್ಲ. ಹಿಂದುಗಡೆ ಎದ್ದು ನಿಂತದೆ. ಶಾಫ್ಟಿನ ಆಂಗಲ್ ಹೋಗ್ಯದೆ. ಎರಡೂ ಬಿಚ್ಚಿಸ್ಬಿಡಿ.’

‘ಬಿಚ್ಚಿಸಿದ್ರೆ ಲೋಡು ನಿಮ್ಮಪ್ಪ ಹೊರ್ತಾನಾ?’ ಎಂದು ಮಾಲೀಕ ನಕ್ಕ. ಮೇಸ್ತ್ರಿಯೂ ನಕ್ಕ.

ಮೇಸ್ತ್ರಿ ಹೇಳಿದ್ದು ಶುದ್ಧ ಎಂಜಿನಿಯರಿಂಗು. ಕ್ರಾಸು ಓರೆಯಾಗಿ ತಿರುಗುವಾಗ ಈ ಕಡೆ ಒಂದೇ ವೇಗದಲ್ಲಿ ತಿರುಗಿಸಿದರೂ ಆ ಕಡೆ ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚಿ ಎರಡು ಸಲ ತಗ್ಗುತ್ತದೆ. ಒಂದು ಕ್ರಾಸಿನ ಈ ಏರಿಳಿತವನ್ನು ಇನ್ನೊಂದು ಕ್ರಾಸು ಸರಿದೂಗಿಸುವಂತೆ ಓರೆಗಳನ್ನು ಲೆಕ್ಕ ಹಾಕಿ ಕಾರ್ಖಾನೆಯಲ್ಲಿ ಜೋಡಿಸಿರುತ್ತಾರೆ. ಪಟ್ಟಿ ಸೇರಿಸಿ ಚಾಸಿಯನ್ನು ಎತ್ತಿದೊಡನೆ ಆ ಲೆಕ್ಕ ತಪ್ಪುತ್ತದೆ. ಲೋಡ್ ಬಿದ್ದಾಗ ಗಾಡಿ ಮತ್ತೆ ಮೊದಲಿನ ಮಟ್ಟಕ್ಕೆ ಕುಗ್ಗುವುದರಿಂದ ನಡುಕ ನಿಲ್ಲುತ್ತದೆ. ಕೋಲಾರದಲ್ಲಿ ಟೊಮ್ಯಾಟೊ ಕ್ರೇಟಿಗೆ 15 ಕೆ.ಜಿ. ಲೆಕ್ಕ. ಒಂದೂವರೆ ಟನ್ ಹೊರುವ ಪಿಕಪ್ಪಿಗೆ ಅಂದರೆ 100 ಕ್ರೇಟು. ಅಲ್ಲಿ ಹಾದುಹೋಗುವ ಪಿಕಪ್ಪುಗಳ ಮೇಲೆ ಎಷ್ಟಿರುತ್ತವೆ ಎಂದು ನಾನು ಹೇಳುವುದಕ್ಕಿಂತ ನೀವೇ ಒಮ್ಮೆ ಎಣಿಸಿ. ಹೀಗೆ ಪಟ್ಟಿ ಸೇರಿಸಿದ ಗಾಡಿಗೆ ಕಂಪನಿ ವಾರಂಟಿ ಕೊಡದಿದ್ದರೆ ನಾನು ಕಂಪನಿಯ ಪರ.

ಗಾಡಿ ಹೊರಟು 10–20 ಕಿಲೋಮೀಟರ್ ವೇಗಕ್ಕೆ ಬಂದಾಗ ಮುಂಭಾಗದಿಂದ ‘ಗ್ರುಂಕ್’ ಎಂದು ಒಂದೇ ಒಂದು ಸದ್ದು, ಬ್ರೇಕ್ ಪೆಡಲಿನ ಮೇಲೆ ಪಾದವಿದ್ದರೆ ಸಣ್ಣ ಅದುರು. ಮತ್ತೆ ಆಫ್ ಮಾಡಿ ಸ್ಟಾರ್ಟ್ ಮಾಡುವವರೆಗೆ ಬರುವುದಿಲ್ಲ. ಎಬಿಎಸ್ ಇರುವ ಗಾಡಿಗಳಲ್ಲಿ ಇದು ಅತಿ ಹೆಚ್ಚು ಜನರನ್ನು ಹೆದರಿಸಿದ ಸದ್ದಿರಬೇಕು. ಎಬಿಎಸ್ ತನ್ನ ಪಂಪನ್ನೂ ವಾಲ್ವುಗಳನ್ನೂ ಒಮ್ಮೆ ತಿರುಗಿಸಿ ಪರೀಕ್ಷಿಸಿಕೊಳ್ಳುತ್ತಿದೆ, ಅಷ್ಟೆ. ಈ ಒಂದು ವಾಕ್ಯವನ್ನು ಗಾಡಿ ಕೊಡುವ ದಿನವೇ ಹೇಳಿದ್ದರೆ ಎಷ್ಟು ಮಂದಿ ಸರ್ವಿಸ್ ಸೆಂಟರಿಗೆ ಅಲೆಯುವುದು ತಪ್ಪುತ್ತಿತ್ತೋ.

ಮಲೆನಾಡಿನವರಿಗೂ ಕರಾವಳಿಯವರಿಗೂ ಇನ್ನೊಂದು ಸದ್ದು ಗೊತ್ತಿರುತ್ತದೆ. ಮಳೆಯಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಎರಡು ದಿನ ನಿಲ್ಲಿಸಿದ ಗಾಡಿ ಹೊರಡುವಾಗ ಹಿಂದಿನ ಡ್ರಮ್ಮಿನಿಂದ ‘ಢಬ್’ ಎಂದು ಬಿಟ್ಟುಕೊಳ್ಳುತ್ತದೆ. ತುಕ್ಕಿಗೆ ಲೈನರು ಅಂಟಿರುತ್ತದೆ. ಸಮತಟ್ಟಾದ ಜಾಗವಾದರೆ ಹ್ಯಾಂಡ್ ಬ್ರೇಕ್ ಬಿಟ್ಟು, ಗೇರಿನಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು ಮೇಲು. ಡಿಸ್ಕಿನ ಹಿಂದಿನ ತಗಡಿಗೆ ಸಿಕ್ಕ ಜಲ್ಲಿಕಲ್ಲು ಲೋಕವೇ ಮುರಿದುಬಿದ್ದಂತೆ ಕಿರುಚುತ್ತದೆ, ಸ್ಕ್ರೂಡ್ರೈವರಿನಲ್ಲಿ ಒಮ್ಮೆ ಮೀಟಿದರೆ ಮುಗಿಯಿತು. ಇನ್ನು ಸೀಟಿನ ಹಿಂದೆ ಬಿಟ್ಟ ಜಾಕು, ಲಿವರು, ವೀಲ್ ಸ್ಪ್ಯಾನರ್. ಡಿಫರೆನ್ಷಿಯಲ್ ಹೋಯಿತೆಂದು ತಿಳಿದವರಲ್ಲಿ ಕೆಲವರ ಗಾಡಿಯಲ್ಲಿ ಅಲ್ಲಾಡುತ್ತಿರುವುದು ಇವೇ.

ಒಂದು ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಟೈರಿನ ಪಕ್ಕಕ್ಕೆ ಸುಣ್ಣದ ಗುರುತು ಹಾಕಿ, ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ. ಇನ್ನೊಬ್ಬರು ಪಕ್ಕದಲ್ಲಿ, ಚಕ್ರಕ್ಕೆ ಒಂದಾಳು ದೂರ ಬಿಟ್ಟು, ನಡೆಯುತ್ತ ಎಣಿಸಲಿ. 15 ಇಂಚಿನ ರಿಮ್ಮಿರುವ ಪಿಕಪ್ ಟೈರಿನ ಸುತ್ತಳತೆ ಸುಮಾರು 2.2 ಮೀಟರ್. ಗುರುತು ಒಮ್ಮೆ ಸುತ್ತು ಬರುವುದರೊಳಗೆ ಸದ್ದು ಒಂದು ಸಲ ಬಂದರೆ ಅದು ಚಕ್ರದ್ದು, ಬ್ರೇಕಿನದು, ಇಲ್ಲವೇ ಹಬ್ಬಿನ ಬೇರಿಂಗಿನದು. ನಾಲ್ಕು ಸಲದ ಹತ್ತಿರ ಬಂದರೆ ಪ್ರೊಪೆಲ್ಲರ್ ಶಾಫ್ಟಿನದು, ಏಕೆಂದರೆ ಚಕ್ರ ಒಮ್ಮೆ ತಿರುಗಲು ಶಾಫ್ಟು ಸುಮಾರು ನಾಲ್ಕು ಸಲ ತಿರುಗಬೇಕು. ಚಕ್ರದ ಸುತ್ತಿಗೆ ಸಂಬಂಧವೇ ಇಲ್ಲದೆ ಎಂಜಿನ್ ರೇಸ್ ಮಾಡಿದಂತೆ ಬದಲಾದರೆ ಅದು ಗೇರ್ ಬಾಕ್ಸಿನಿಂದ ಮುಂದಿನದು.

ಇಷ್ಟಾದ ಮೇಲೆ ಸರ್ವಿಸ್ ಸೆಂಟರಿಗೆ ಹೋದರೆ ‘ಸೌಂಡ್ ಬರ್ತಿದೆ’ ಅನ್ನಬೇಡಿ. ‘ರಾತ್ರಿ ನಿಲ್ಲಿಸಿ ಬೆಳಿಗ್ಗೆ ಹೊರಟಾಗ ಮಾತ್ರ, ಒಂದನೇ ಗೇರಿನಲ್ಲಿ, ಖಾಲಿ ಗಾಡಿ, ಹಿಂಭಾಗದಿಂದ, ಚಕ್ರ ಒಂದು ಸುತ್ತು ಬರುವುದರೊಳಗೆ ನಾಲ್ಕು ಸಲ’ ಎಂದು ಹೇಳಿ. ಮೊಬೈಲಿನಲ್ಲಿ ವಿಡಿಯೊ ಮಾಡುವಾಗ ಮೀಟರ್ ಕಾಣುವಂತೆ ಹಿಡಿಯಿರಿ. ಮುಖ್ಯವಾಗಿ, ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತನ್ನೇ ಬರೆಸಿ. ‘ಜನರಲ್ ಚೆಕಪ್’ ಎಂದು ಬರೆದ ಕಾರ್ಡಿಗೆ ಸಹಿ ಹಾಕಬೇಡಿ. ಪ್ರತಿ ಸಲದ ಕಾರ್ಡನ್ನೂ ಜೋಪಾನ ಮಾಡಿ. ವಾರಂಟಿ ಮುಗಿದ ಮೇಲೆ ಸದ್ದು ಮೊದಲೇ ಇತ್ತು ಎಂದು ತೋರಿಸಲು ಅಷ್ಟು ಗಟ್ಟಿಯಾದ ಸಾಕ್ಷಿ ಬೇರೆ ಸಿಗುವುದು ಕಷ್ಟ. ಅಮೆರಿಕದಲ್ಲಿ ಕಂಪನಿಗಳು ತಮ್ಮ ಡೀಲರುಗಳಿಗೆ ಕಳಿಸುವ ಸರ್ವಿಸ್ ಸುತ್ತೋಲೆಗಳನ್ನು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಗೂ ಕೊಡಬೇಕು, ಅದು ಸಾರ್ವಜನಿಕರಿಗೆ ತೆರೆದಿಡುತ್ತದೆ. ತನ್ನ ಗಾಡಿಯ ಸದ್ದು ಕಂಪನಿಗೆ ಮೊದಲೇ ಗೊತ್ತಿತ್ತೇ ಎಂದು ಮಾಲೀಕ ಅಲ್ಲಿ ಹುಡುಕಿ ನೋಡಬಹುದು. ಅಂಥದ್ದು ನಮಗೂ ಬೇಕು.

ನಮ್ಮಲ್ಲಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ವ್ಯಾಪಾರಕ್ಕೆಂದು ಕೊಂಡ ವಸ್ತುವಿಗೆ ಅದು ಅನ್ವಯಿಸುವುದಿಲ್ಲ ಎಂದು ಕೆಲವರು ಪಿಕಪ್ ಮಾಲೀಕರನ್ನು ಹೆದರಿಸುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ಗಾಡಿಗೆ ಆ ಮಾತು ಸಲ್ಲುವುದಿಲ್ಲ. ಕಾಯ್ದೆಯೇ ಹಾಗೆ ಹೇಳುತ್ತದೆ. ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೊನೆಗೆ ಒಂದು ಎಚ್ಚರಿಕೆ. ಹೊರಡುವಾಗ ‘ಟಕ್’ ಎಂದು ಶುರುವಾಗಿ, ವೇಗ ಏರಿದಂತೆ ತಾನೂ ಜೋರಾಗುತ್ತ, ನೆಲದಡಿಯಿಂದ ಪಾದಕ್ಕೆ ಬಡಿಯುವ ಸದ್ದು ಬಂದರೆ ಸರ್ವಿಸ್ ದಿನಾಂಕಕ್ಕೆ ಕಾಯಬೇಡಿ, ಗಾಡಿಯನ್ನು ಅಲ್ಲೇ ಬದಿಗೆ ಹಾಕಿ. ಕ್ರಾಸು ಮುರಿದು ಪ್ರೊಪೆಲ್ಲರ್ ಶಾಫ್ಟು ಕಳಚಿದರೆ ಅದರ ಮುಂಭಾಗ ರಸ್ತೆಗೆ ಊರಿಕೊಳ್ಳಬಹುದು, ಬ್ರೇಕ್ ಪೈಪನ್ನೂ ಕತ್ತರಿಸಬಹುದು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ನುಸುಳಿ ನೋಡುವ ಸಾಹಸವೂ ಬೇಡ. ಚಕ್ರಕ್ಕೆ ಕಲ್ಲು ಕೊಟ್ಟು ಮೇಸ್ತ್ರಿಯನ್ನು ಅಲ್ಲಿಗೇ ಕರೆಸಿ.